ಹೈಬ್ರಿಡ್ ಕಾರಿನ ಬ್ಯಾಟರಿ: ಕೆಟ್ಟಿದೆಯೋ, ಕಿಲುಬು ಹಿಡಿದಿದೆಯೋ?

ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಹೊಂದಿದ ಹೈಬ್ರಿಡ್ ಕಾರುಗಳು ನಮ್ಮ ರಾಜ್ಯಕ್ಕೆ ಹೊಸತಲ್ಲ. ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರಿಂದ ಹೈರೈಡರ್ ತಯಾರಾಗಿವೆ. ಇಂಥ ಹಳೆಯ ಕಾರನ್ನು ಕೊಂಡವರಿಗೆ ಎಚ್ಚರಿಕೆಯ ದೀಪ ಹತ್ತಿದೊಡನೆ "ಇಡೀ ಬ್ಯಾಟರಿ ಬದಲಾಯಿಸಬೇಕು" ಎಂಬ ಸಲಹೆ ಬರುವುದುಂಟು. ಸಣ್ಣ ಹಿಡುವಳಿದಾರರಿಗೆ ಇದು ಭಾರಿ ಖರ್ಚು. ಆದ್ದರಿಂದ ದೋಷವನ್ನು ಕ್ರಮವಾಗಿ ಪತ್ತೆ ಮಾಡುವ ಬಗೆಯನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದು.

ಬ್ಯಾಟರಿಯ ರಚನೆ

ಟೊಯೋಟಾ ಪ್ರಿಯಸ್ ಕಾರಿನ 2ನೇ ಮತ್ತು 3ನೇ ಪೀಳಿಗೆಯ ಬ್ಯಾಟರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ನಿಕಲ್-ಮೆಟಲ್ ಹೈಡ್ರೈಡ್ ಜಾತಿಯದು. 1.2 ವೋಲ್ಟಿನ 6 ಸೆಲ್ಲುಗಳು ಸೇರಿ 7.2 ವೋಲ್ಟಿನ ಒಂದು ಮಾಡ್ಯೂಲ್ ಆಗುತ್ತದೆ. ಅಂಥ 28 ಮಾಡ್ಯೂಲುಗಳನ್ನು ತಾಮ್ರದ ಪಟ್ಟಿಗಳಿಂದ ಸಾಲಾಗಿ ಜೋಡಿಸಿದಾಗ ಒಟ್ಟು 201.6 ವೋಲ್ಟ್ ದೊರೆಯುತ್ತದೆ. ಎರಡೆರಡು ಮಾಡ್ಯೂಲುಗಳಂತೆ 14 ಜೋಡಿಗಳ ವೋಲ್ಟೇಜನ್ನು ತೆಳು ತಂತಿಗಳ ಮೂಲಕ ಕಾರಿನ ಕಂಪ್ಯೂಟರು ಸದಾ ಗಮನಿಸುತ್ತಿರುತ್ತದೆ. ಜೋಡಿಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಂಡರೆ ದೀಪ ಹತ್ತುತ್ತದೆ.

ಕಿಲುಬಿನ ತೊಂದರೆ

ತೇವಾಂಶದಿಂದಲೂ, ಬ್ಯಾಟರಿಯೊಳಗಿನ ಕ್ಷಾರದ್ರವ ಜಿನುಗುವುದರಿಂದಲೂ ತಾಮ್ರದ ಪಟ್ಟಿಗಳಿಗೆ ಮತ್ತು ತಂತಿಯ ತುದಿಗಳಿಗೆ ಕಿಲುಬು ಹಿಡಿಯುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ವೈರಿನ ತುದಿ ಸಡಿಲವಾದರೆ ಅಲ್ಲಿ ಬಿಸಿಯೇರಿ ಕಪ್ಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿಯೂ ಹಾಗೆಯೇ. ಕಿಲುಬು ಹಿಡಿದ ಜಾಗದಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ. ಮಾಡ್ಯೂಲು ಚೆನ್ನಾಗಿದ್ದರೂ ಕೆಟ್ಟಂತೆ ತೋರುತ್ತದೆ.

ಪತ್ತೆ ಮಾಡುವ ಕ್ರಮ

1. ಮೊದಲು 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ಪರೀಕ್ಷಿಸಬೇಕು. ಅದು ದುರ್ಬಲವಾದರೆ ಸಂಬಂಧವಿಲ್ಲದ ದೀಪಗಳೂ ಹತ್ತುತ್ತವೆ.

2. ಸ್ಕ್ಯಾನರ್ ಉಪಕರಣದಿಂದ ದೋಷದ ಸಂಖ್ಯೆಯನ್ನು ಓದಿಸಬೇಕು. ಪಿ0ಎ80 ಎಂದರೆ ಬ್ಯಾಟರಿ ಸೊರಗಿದೆ ಎಂಬ ಸೂಚನೆ. ಪಿ0ಎಎ6 ಎಂದರೆ ವಿದ್ಯುತ್ತು ಕಾರಿನ ಮೈಗೆ ಸೋರುತ್ತಿದೆ ಎಂದರ್ಥ. ತೇವ, ದ್ರವ ಸೋರಿಕೆ, ಇಲಿ ಕಡಿದ ತಂತಿ ಇದಕ್ಕೆ ಕಾರಣವಾಗಬಹುದು.

3. ಕಾರು ನಿಂತಿರುವಾಗಲೂ, ಏರು ಹತ್ತುವಾಗಲೂ 14 ಜೋಡಿಗಳ ವೋಲ್ಟೇಜನ್ನು ಬರೆಸಿಕೊಳ್ಳಬೇಕು. ಒಂದು ಸೆಲ್ ಸತ್ತಿದ್ದರೆ ಆ ಜೋಡಿಯಲ್ಲಿ ಸುಮಾರು 1.2 ವೋಲ್ಟ್ ಕಡಿಮೆ ಇರುತ್ತದೆ. ದುರ್ಬಲ ಸೆಲ್ಲಾದರೆ ಭಾರ ಬಿದ್ದಾಗ ಕುಸಿಯುತ್ತದೆ.

4. ಕಡಿಮೆ ತೋರಿದ ಜೋಡಿಯನ್ನು ತಜ್ಞ ಮೆಕ್ಯಾನಿಕ್ ಮಾಡ್ಯೂಲಿನ ತುದಿಯಲ್ಲಿಯೇ ಮೀಟರಿನಿಂದ ಅಳೆಯಬೇಕು. ಅಲ್ಲಿ ವೋಲ್ಟೇಜ್ ಸರಿಯಿದ್ದು ಸ್ಕ್ಯಾನರಿನಲ್ಲಿ ಮಾತ್ರ ಕಡಿಮೆಯಿದ್ದರೆ ದೋಷವಿರುವುದು ತಂತಿ ಇಲ್ಲವೇ ಜೋಡಣೆಯಲ್ಲಿ, ಮಾಡ್ಯೂಲಿನಲ್ಲಲ್ಲ.

ಪರಿಹಾರ

ದೋಷ ಕಿಲುಬಿನದಾದರೆ ಪಟ್ಟಿಗಳನ್ನು ಶುಚಿಗೊಳಿಸಿ ಅಥವಾ ಬದಲಾಯಿಸಿ, ಕೆಟ್ಟ ತಂತಿಯನ್ನೂ ಹೊಸತು ಹಾಕಿ ಮತ್ತೆ ಅಳೆದು ನೋಡಿದರೆ ಸಾಕು. ಒಂದೇ ಮಾಡ್ಯೂಲ್ ಸತ್ತಿದ್ದರೆ ಅದಕ್ಕೆ ಸರಿಹೊಂದುವ ಶಕ್ತಿಯ ಇನ್ನೊಂದನ್ನು ಹಾಕಬಹುದು. ಆದರೆ ಬ್ಯಾಟರಿ ಹಳೆಯದಾಗಿ ಹಲವು ಜೋಡಿಗಳು ಕುಸಿಯುತ್ತಿದ್ದರೆ ಬಿಡಿ ರಿಪೇರಿ ಬಾಳಿಕೆ ಬರುವುದಿಲ್ಲ. ಇಂದು ಒಂದು ಹೋದರೆ ಕೆಲವು ತಿಂಗಳಲ್ಲಿ ಇನ್ನೊಂದು ಹೋಗುತ್ತದೆ. ಆಗ ಪೂರ್ತಿ ಬದಲಾವಣೆಯೇ ಲೇಸು. ಹೈರೈಡರಿನಂತಹ ಲಿಥಿಯಂ ಬ್ಯಾಟರಿಗಳ ರಚನೆಯೇ ಬೇರೆ. ಅವುಗಳಿಗೆ ವಾರಂಟಿ ಪತ್ರವನ್ನು ಮೊದಲು ನೋಡತಕ್ಕದ್ದು.

ಮಾಲೀಕರ ಪಾಲಿನ ಕೆಲಸ

ಪ್ರಿಯಸ್ಸಿನಲ್ಲಿ ಹಿಂದಿನ ಸೀಟಿನ ಪಕ್ಕದ ಕಿಂಡಿಯಿಂದ ಫ್ಯಾನು ಗಾಳಿ ಎಳೆದು ಬ್ಯಾಟರಿಯನ್ನು ತಂಪಾಗಿಡುತ್ತದೆ. ಧೂಳು, ಅಡಿಕೆ ಸಿಪ್ಪೆಯ ನಾರು, ನಾಯಿಯ ಕೂದಲು ಕಟ್ಟಿಕೊಂಡರೆ ಬ್ಯಾಟರಿ ಬಿಸಿಯೇರಿ ಬೇಗ ಸೊರಗುತ್ತದೆ. ಕಾಫಿ ಮೂಟೆಯನ್ನು ಕಿಂಡಿಗೆ ಅಡ್ಡವಾಗಿ ಇಡಬಾರದು. ಮಳೆಗಾಲಕ್ಕೆ ಮುನ್ನ ಡಿಕ್ಕಿಯ ರಬ್ಬರಿನಲ್ಲಿ ನೀರು ಸೋರುವುದೇ ಎಂದು ನೋಡಿ. ಒಳಭಾಗವನ್ನು ಪೈಪಿನ ನೀರಿನಿಂದ ತೊಳೆಯಬೇಡಿ. ಕಾರನ್ನು ಓಡಿಸದೆ ನಿಲ್ಲಿಸಿದ್ದರೆ ಎರಡು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ.

ಎಚ್ಚರಿಕೆ

ಕಿತ್ತಳೆ ಬಣ್ಣದ ಕೇಬಲುಗಳನ್ನೂ ಬ್ಯಾಟರಿಯ ಮುಚ್ಚಳವನ್ನೂ ಮಾಲೀಕರು ಮುಟ್ಟಲೇಬಾರದು. 200 ವೋಲ್ಟಿನ ಡಿ.ಸಿ. ವಿದ್ಯುತ್ತು ಪ್ರಾಣ ತೆಗೆಯಬಲ್ಲದು. ಕೀಲಿ ತೆಗೆದರೂ, ಸುರಕ್ಷತಾ ಪ್ಲಗ್ಗನ್ನು ಕಳಚಿದರೂ ಮಾಡ್ಯೂಲುಗಳಲ್ಲಿ ವಿದ್ಯುತ್ತು ಹಾಗೆಯೇ ಇರುತ್ತದೆ. ಬಿಚ್ಚುವ ಕೆಲಸ ತರಬೇತಿ ಪಡೆದವರದು, ಅದೂ ವಿದ್ಯುತ್ ನಿರೋಧಕ ಕೈಗವಸು ತೊಟ್ಟು.

ನಮ್ಮ ಕೆಲಸ ಪ್ರಶ್ನೆ ಕೇಳುವುದು. ಇಡೀ ಬ್ಯಾಟರಿ ಬದಲಿಸಲು ಒಪ್ಪುವ ಮುನ್ನ 14 ಜೋಡಿಗಳ ಅಳತೆಯನ್ನು ಬರಹದಲ್ಲಿ ಪಡೆಯಿರಿ, ಪಟ್ಟಿಗಳ ಸ್ಥಿತಿಯನ್ನು ಕಣ್ಣಾರೆ ತೋರಿಸಲು ಹೇಳಿ. ಈ ಎರಡನ್ನು ನೋಡಿದ ಮೇಲೆ ಹಣ ಬಿಚ್ಚುವ ವಿಚಾರ ಮಾಡಬಹುದು.