ಐದು ನಿಧಿಗಳ ಹಿಮಗಿರಿ

ವೈಶಾಖದ ಬಿಸಿಲಿಗೆ ವಿಜಯಪುರದ ಎರೆಯ ನೆಲವು ಬಿರುಕು ಬಿಡುತ್ತದೆ. ತಿಕೋಟಾ, ಬಬಲೇಶ್ವರ ಸೀಮೆಯ ಡೋಣಿ ನದಿಯಲ್ಲಿ ನೀರು ಇಂಗಿಹೋಗುತ್ತದೆ. ಮಳೆಯನ್ನೇ ನಂಬಿದ ನದಿಯ ಪಾಡು ಇದು. ಆದರೆ ಹಿಮಾಲಯದ ನದಿಗಳು ಬೇಸಗೆಯಲ್ಲಿಯೂ ತುಂಬಿ ಹರಿಯುತ್ತವೆ. ಅವುಗಳಿಗೆ ಈ ನೀರು ಎಲ್ಲಿಂದ ಒದಗುತ್ತದೆ? ಕಾಂಚನಜುಂಗಾ ಶಿಖರವು ಇದಕ್ಕೆ ಉತ್ತರ ಹೇಳಬಲ್ಲುದು.

ಭಾರತದ ಸಿಕ್ಕಿಂ ಹಾಗೂ ನೇಪಾಳದ ಗಡಿಯ ಮೇಲೆ ನಿಂತಿರುವ ಈ ಶಿಖರದ ಎತ್ತರ 8,586 ಮೀಟರು. ಜಗತ್ತಿನ ಶಿಖರಗಳಲ್ಲಿ ಇದು ಮೂರನೆಯದು. ನಮ್ಮ ಗೋಳಗುಮ್ಮಟವನ್ನು ಒಂದರ ಮೇಲೊಂದರಂತೆ ನೂರು ಸಲ ಪೇರಿಸಿದರೂ ಅದರ ತುದಿಯನ್ನು ಮುಟ್ಟಲಾರೆವು. ‘ಮಹಾಹಿಮದ ಐದು ನಿಧಿಗಳು’ ಎಂಬುದು ಅದರ ಹೆಸರಿನ ಅರ್ಥ.

ಅಷ್ಟು ಎತ್ತರದಲ್ಲಿ ಬಿದ್ದ ಹಿಮವೆಲ್ಲವೂ ಬೇಸಗೆಯಲ್ಲಿ ಕರಗಿ ಮುಗಿಯುವುದಿಲ್ಲ. ಹಳೆಯ ಹಿಮದ ಮೇಲೆ ಹೊಸ ಹಿಮ ಬಿದ್ದು, ಕೆಳಗಿನ ಪದರಗಳು ಭಾರಕ್ಕೆ ಅಮುಕಿ ಮಂಜುಗಡ್ಡೆಯಾಗುತ್ತವೆ. ಆ ಗಡ್ಡೆಯು ತನ್ನ ಭಾರದಿಂದಲೇ ಕಣಿವೆಯತ್ತ ಮೆಲ್ಲನೆ ಸರಿಯುತ್ತದೆ. ಇದೇ ಹಿಮನದಿ. ಶಿಖರದ ಪೂರ್ವಕ್ಕಿರುವ ಜೇಮು ಹಿಮನದಿಯ ಉದ್ದ ಸುಮಾರು 26 ಕಿಲೋಮೀಟರು. ಅದರಿಂದ ಕರಗಿದ ನೀರು ತೀಸ್ತಾ ನದಿಯನ್ನು ಸೇರುತ್ತದೆ. ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದಂತೆ, ಪ್ರಕೃತಿಯು ಇಲ್ಲಿ ನೀರನ್ನು ಕೂಡಿಟ್ಟಿದೆ.

ಸಿಕ್ಕಿಂನ ಜನರಿಗೆ ಈ ಗಿರಿಯು ದೇವತೆ. 1955ರ ಮೇ 25ರಂದು ಮೊದಲ ಬಾರಿಗೆ ಇದನ್ನೇರಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಅವರು, ಆ ಜನರ ನಂಬಿಕೆಗೆ ತಲೆಬಾಗಿ ನೆತ್ತಿಯನ್ನು ತುಳಿಯದೆ ಕೆಲವೇ ಅಡಿ ಕೆಳಗೆ ನಿಂತರು. 1977ರಲ್ಲಿ ಕರ್ನಲ್ ನರೇಂದ್ರ ಕುಮಾರ್ ಅವರ ನೇತೃತ್ವದ ಭಾರತೀಯ ಸೇನೆಯ ತಂಡವು ಸಿಕ್ಕಿಂ ಕಡೆಯಿಂದ ಏರಿದಾಗಲೂ ಇದೇ ಮರ್ಯಾದೆಯನ್ನು ಪಾಲಿಸಿತು.

ಇಂದು ಆ ಹಗೇವಿಗೆ ಕುತ್ತು ಬಂದಿದೆ. ಭೂಮಿಯ ತಾಪವೇರಿ ಹಿಮನದಿಗಳು ಕುಗ್ಗುತ್ತಿವೆ. ಕರಗಿದ ನೀರು ಮಣ್ಣುಕಲ್ಲುಗಳ ದುರ್ಬಲ ಕಟ್ಟೆಗಳ ಹಿಂದೆ ಸರೋವರಗಳಾಗಿ ನಿಲ್ಲುತ್ತಿದೆ. 2023ರ ಅಕ್ಟೋಬರಿನಲ್ಲಿ, ಉತ್ತರ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಎಂಬ ಅಂತಹ ಸರೋವರಕ್ಕೆ ದಡವು ಕುಸಿದು, ನೀರು ಕಟ್ಟೆಯೊಡೆದು ನುಗ್ಗಿತು. ತೀಸ್ತಾ ಉಕ್ಕಿ ಚುಂಗ್‌ಥಾಂಗ್‌ನ ಅಣೆಕಟ್ಟು ಕೊಚ್ಚಿಹೋಯಿತು. ಹಲವರು ಪ್ರಾಣ ಕಳೆದುಕೊಂಡರು. ವರ್ಷವಿಡೀ ಹನಿಹನಿಯಾಗಿ ದೊರೆಯಬೇಕಾದ ನೀರು ಒಂದೇ ರಾತ್ರಿ ಪ್ರಳಯವಾಯಿತು.

ಗಡಿಗಳು ದೇಶಗಳನ್ನು ಬೇರ್ಪಡಿಸಬಹುದು. ಹಿಮವನ್ನೂ ನೀರನ್ನೂ ಬೇರ್ಪಡಿಸಲಾರವು. ನೆತ್ತಿಯ ಕೆಳಗೆ ತಡೆದು ನಿಂತ ಆ ಆರೋಹಿಗಳ ಸಂಯಮವು ಬಯಲಿನಲ್ಲಿ ಬಾಳುವ ನಮಗೂ ಬೇಕು. ನೀರಿನ ಬೆಲೆಯನ್ನು ಬಲ್ಲ ವಿಜಯಪುರದ ಮಕ್ಕಳಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.