ಓದು ಮುಗಿದ ಮೇಲೆ ಹೊರದೇಶದಲ್ಲಿ ಕೆಲಸ ಹುಡುಕುವ ವೀಸಾ: ತೋಟ ಅಡಮಾನ ಇಡುವ ಮುನ್ನ

ನಮ್ಮ ಸದಸ್ಯರ ಮಕ್ಕಳು ಕಾಲೇಜು ಮುಗಿಸಿ ಬೆಂಗಳೂರು ಸೇರುವುದು ಈಗ ವಿಶೇಷವೇನೂ ಅಲ್ಲ. ಅವರಲ್ಲಿ ಹಲವರು ನಗರದ ಪೂರ್ವದಂಚಿನ ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಕಡೆಯ ಪಿ.ಜಿ.ಗಳಲ್ಲಿದ್ದುಕೊಂಡು ಕಂಪ್ಯೂಟರ್ ಕಂಪೆನಿಗಳಲ್ಲಿ ದುಡಿಯುತ್ತಾರೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮನೆಗೆ ಫೋನು ಬರುತ್ತದೆ: "ಅಪ್ಪಯ್ಯಾ, ಜರ್ಮನಿಗೆ ಎಂ.ಎಸ್. ಓದಲು ಹೋಗುತ್ತೇನೆ. ಓದಾದ ಮೇಲೆ ಅಲ್ಲೇ ಇರಲು ವೀಸಾ ಕೊಡುತ್ತಾರೆ." ಅದರ ಬೆನ್ನಿಗೇ ಪಹಣಿ, ಋಣಭಾರ ಪತ್ರಗಳ ನಕಲು ಕೇಳಿ ಇನ್ನೊಂದು ಫೋನು. ಈ ಕಾಗದಗಳಿಗಾಗಿ ಓಡಾಡುವ ಸದಸ್ಯರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಆ ವೀಸಾ ಸಿಕ್ಕಿದರೆ ಕೆಲಸ ಸಿಕ್ಕಿದಂತೆಯೇ?

ಅಲ್ಲ. ಅದು ಕೆಲಸ ಹುಡುಕಲು ಕೊಡುವ ಕಾಲಾವಕಾಶ ಮಾತ್ರ. ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಹೊರದೇಶದ ವಿದ್ಯಾರ್ಥಿಗೆ ಅಲ್ಲಿನ ಕಾನೂನು 18 ತಿಂಗಳವರೆಗೆ ಉಳಿದು ಓದಿಗೆ ತಕ್ಕ ಕೆಲಸ ಹುಡುಕಿಕೊಳ್ಳಲು ಅನುಮತಿ ಕೊಡುತ್ತದೆ. ಆ ಅವಧಿಯಲ್ಲಿ ಹೊಟ್ಟೆಪಾಡಿಗೆ ಹೋಟೆಲು, ಅಂಗಡಿ, ಯಾವ ಕೆಲಸ ಮಾಡಿದರೂ ತಡೆಯಿಲ್ಲ. ಆದರೆ ಊಟ, ಬಾಡಿಗೆ, ಆರೋಗ್ಯ ವಿಮೆಯ ಖರ್ಚನ್ನು ತಾನೇ ನೋಡಿಕೊಳ್ಳಬೇಕು. ಓದಿಗೆ ತಕ್ಕ ಕೆಲಸ ಸಿಕ್ಕಿದರೆ ಕೆಲಸದ ಪರವಾನಗಿಗೆ ಬದಲಾಯಿಸಿಕೊಳ್ಳಬಹುದು. ಮುಂದೆ ಎರಡು ವರ್ಷ ಆ ಕೆಲಸದಲ್ಲಿದ್ದು ಪಿಂಚಣಿ ವಂತಿಗೆ ಕಟ್ಟಿ, ಉಳಿದ ಷರತ್ತುಗಳನ್ನೂ ಪೂರೈಸಿದವರು ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಸಿಗದಿದ್ದರೆ 18 ತಿಂಗಳ ನಂತರ ಈ ಅನುಮತಿಯನ್ನು ಮುಂದುವರಿಸುವುದಿಲ್ಲ.

ಇದರೊಂದಿಗೆ ಇನ್ನೊಂದನ್ನು ಕಲಸಿ ಹೇಳುವ ಏಜೆಂಟರಿದ್ದಾರೆ. ಜರ್ಮನಿಯು 2024ರ ಜೂನ್ 1ರಿಂದ ಚಾನ್ಸೆನ್‌ಕಾರ್ಟೆ ಎಂಬ ಅವಕಾಶ ಪತ್ರವನ್ನು ಜಾರಿಗೆ ತಂದಿತು. ಅದು ಇಲ್ಲಿ ಓದಿದವರು ಅಲ್ಲಿಗೆ ಹೋಗಿ ಕೆಲಸ ಹುಡುಕಲು ಇರುವಂಥದ್ದು. ವಿದ್ಯೆ, ಭಾಷೆ, ವಯಸ್ಸು, ಅನುಭವಗಳಿಗೆ ಅಂಕ ಹಾಕುತ್ತಾರೆ, ಸಾಮಾನ್ಯವಾಗಿ ಆರಾದರೂ ಅಂಕ ಬೇಕು. ಅವಧಿ ಒಂದು ವರ್ಷ. ಆಗ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದು. 2025ರ ಲೆಕ್ಕದಂತೆ ತಿಂಗಳಿಗೆ 1,091 ಯೂರೋ ಖರ್ಚಿಗಿದೆ ಎಂದು ಮೊದಲೇ ತೋರಿಸಬೇಕು. ಓದಲು ಹೋಗುವವರಿಗೂ ಇದಕ್ಕೂ ಸಂಬಂಧವಿಲ್ಲ. "ಕಾರ್ಡು ಮಾಡಿಸಿಕೊಡುತ್ತೇವೆ, ಕೆಲಸ ಖಾತ್ರಿ" ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರೆಂದು ನಮ್ಮ ಸ್ಪಷ್ಟ ಅಭಿಪ್ರಾಯ.

ಬೇರೆ ದೇಶಗಳ ಮಾತು ಚುಟುಕಾಗಿ. ಅಮೆರಿಕದಲ್ಲಿ ಓದಿದ ಮೇಲೆ 12 ತಿಂಗಳು, ವಿಜ್ಞಾನ-ಇಂಜಿನಿಯರಿಂಗ್ ಓದಿದವರಿಗೆ ಮತ್ತೆ 24 ತಿಂಗಳು ಕೆಲಸಕ್ಕೆ ಅವಕಾಶವಿದೆ. ಆದರೆ ಮೊದಲ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಇಂಗ್ಲೆಂಡಿನ ಕಥೆ ಇನ್ನೂ ಪಾಠ ಕಲಿಸುವಂಥದ್ದು. ಅಲ್ಲಿ ಇಂಥ ವೀಸಾವನ್ನು 2012ರಲ್ಲಿ ನಿಲ್ಲಿಸಿದರು, 2021ರ ಜುಲೈನಲ್ಲಿ ಎರಡು ವರ್ಷದ ಅವಧಿಗೆ ಮತ್ತೆ ತೆರೆದರು, 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ 18 ತಿಂಗಳಿಗೆ ಇಳಿಸಲು ನಿಯಮ ಮಾಡಿದ್ದಾರೆ. ಹೋಗುವಾಗ ಇದ್ದ ನಿಯಮ ಓದು ಮುಗಿಯುವಾಗ ಇದ್ದೇ ಇರುತ್ತದೆಂದು ಎಣಿಸುವಂತಿಲ್ಲ. ಅಡಿಕೆ ಆಮದಿನ ಧೋರಣೆ ನೋಡಿ ನೋಡಿ ನಮಗೆ ಇದು ಹೊಸತಲ್ಲ.

ಇನ್ನು ಹಣದ ವಿಚಾರ. ಇದನ್ನೇ ನಿಧಾನವಾಗಿ ನೋಡಬೇಕು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರಗಿನವರಿಗೆ ಆರು ತಿಂಗಳಿಗೆ 1,500 ಯೂರೋ ಇದೆ, ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ಹಾಕಿದೆ. ಖಾಸಗಿ ಸಂಸ್ಥೆಗಳ ಶುಲ್ಕ ಬೇರೆಯೇ. ಏಜೆಂಟರು ಹೆಚ್ಚಾಗಿ ತೋರಿಸುವುದು ಅವನ್ನೇ. ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚಿಗೆ 11,904 ಯೂರೋ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು 2024ರ ಸೆಪ್ಟೆಂಬರಿನಿಂದ ನಿಯಮವಿದೆ. ಯೂರೋಗೆ ನೂರು ರೂಪಾಯಿ ಹಿಡಿದರೆ ಸುಮಾರು 12 ಲಕ್ಷ. ಆ ಹಣ ಹೋಗಿಬಿಡುವುದಿಲ್ಲ, ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಗೇ ಬರುತ್ತದೆ.

ಎಲ್ಲ ಸೇರಿ 20 ಲಕ್ಷ ಸಾಲ ಮಾಡಿದಿರೆನ್ನೋಣ, ಬಡ್ಡಿ ಶೇಕಡಾ 10. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದುವ ಕಾಲ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಇಡೀ ಸಾಲ ಮೊದಲೇ ಪಡೆದಿದ್ದರೆ ಮೂರು ವರ್ಷಕ್ಕೆ ಸರಳ ಬಡ್ಡಿಯೇ 6 ಲಕ್ಷ. ಆ 26 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು 34,000 ರೂಪಾಯಿಯ ಮೇಲಾಗುತ್ತದೆ.

ಇಲ್ಲಿ ಎರಡು ಗಡಿಯಾರಗಳಿವೆ. ಅಲ್ಲಿ ಕೆಲಸ ಹುಡುಕಲು 18 ತಿಂಗಳು, ಇಲ್ಲಿ ಕಂತಿಗೆ ಬಿಡುವು 12 ತಿಂಗಳು. ಕೊನೆಯ ಆರು ತಿಂಗಳು ಮಗ ಇನ್ನೂ ಹುಡುಕುತ್ತಿರುವಾಗಲೇ ಕಂತಿನ ನೋಟೀಸು ತೋಟದ ಮನೆಗೆ ಬರುತ್ತದೆ. ಆ ವರ್ಷ ಕೊಳೆರೋಗವೋ ಎಲೆಚುಕ್ಕಿಯೋ ಬಂದಿದ್ದರೆ, ಕಟ್ಟುವುದು ಎಲ್ಲಿಂದ?

ತೋಟವನ್ನೇ ಆಧಾರ ಇಡುವವರು ಇನ್ನೊಂದು ಮಾತು ತಿಳಿದಿರಬೇಕು. 2002ರ ಸರ್ಫೇಸಿ ಕಾಯಿದೆಯು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವೆಂದು ಅದರ 31ನೇ ಕಲಮು ಹೇಳುತ್ತದೆ. ಹಾಗಿದ್ದೂ ಕಾಫಿ ತೋಟ ವಾಣಿಜ್ಯ ಬೆಳೆಯದೆಂದು ಇದೇ ಕಾಯಿದೆಯಡಿ ಬ್ಯಾಂಕುಗಳು ಹರಾಜಿಗೆ ಹೊರಟದ್ದನ್ನೂ, ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಸಂಘಟನೆಗಳು ಅದನ್ನು ವಿರೋಧಿಸಿದ್ದನ್ನೂ ಬಲ್ಲಿರಿ. ಆದ್ದರಿಂದ "ಕೃಷಿ ಭೂಮಿ ತಾನೇ, ಯಾರೂ ಮುಟ್ಟಲಾರರು" ಎಂಬ ಧೈರ್ಯ ಬೇಡ.

ಹಾಗಾದರೆ ಹೋಗಬಾರದೆಂದೇ? ನಾವು ಹಾಗೆ ಹೇಳುತ್ತಿಲ್ಲ. ಒಳ್ಳೆಯ ವಿದ್ಯೆ, ಕಡಿಮೆ ಶುಲ್ಕ. ಹೋಗಿ ನೆಲೆನಿಂತವರು ನಮ್ಮಲ್ಲೇ ಇದ್ದಾರೆ. ಸಾಲದ ಅಳತೆಗೆ ನಾವು ಹೇಳುವ ಲೆಕ್ಕ ಬೇರೆ. ಯೂರೋ ಸಂಬಳವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಲಸ ಸಿಗದೆ ಮಗಳು ವಾಪಸು ಬಂದು ಮತ್ತೆ ಕುಂದಲಹಳ್ಳಿಯ ಪಿ.ಜಿ.ಯಲ್ಲೇ ಕೂತರೆ, ಇಲ್ಲಿನ ಸಂಬಳದಲ್ಲಿ ಬಾಡಿಗೆ, ಊಟ ಕಳೆದು ಕಂತು ಕಟ್ಟಲು ಸಾಧ್ಯವೇ ಎಂದು ನೋಡಿ. ಸಾಧ್ಯವಾದಷ್ಟೇ ಸಾಲ ಮಾಡಿ. ವಾಪಸು ಬರುವುದರಲ್ಲಿ ಅವಮಾನವೇನೂ ಇಲ್ಲ. ಸ್ಯಾಪ್ ಲ್ಯಾಬ್ಸ್, ಮರ್ಸಿಡಿಸ್-ಬೆನ್ಜ್‌ನಂಥ ಜರ್ಮನ್ ಕಂಪೆನಿಗಳ ಕೇಂದ್ರಗಳು ಅದೇ ವೈಟ್‌ಫೀಲ್ಡ್ ಕಡೆ ಇವೆ.

ಇನ್ನೊಂದು, ಭಾಷೆ. ಇಂಗ್ಲಿಷಿನಲ್ಲಿ ಪಾಠವಿರುವ ತರಗತಿಗೆ ಸೇರಿದವರು ಜರ್ಮನ್ ಕಲಿಯದೆ ಹೋಗಿ, ಕೆಲಸ ಹುಡುಕುವಾಗ ಪೇಚಾಡುತ್ತಾರೆ. ಹುಡುಕುವ 18 ತಿಂಗಳಲ್ಲಿ ಭಾಷೆ ಕಲಿಯಲು ಹೊರಡುವುದು ಮಳೆ ಹಿಡಿದ ಮೇಲೆ ಔಷಧಿ ಹೊಡೆಯಲು ಹೊರಟಂತೆ. ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ, ಜರ್ಮನ್ ಕಲಿಸುತ್ತಾರೆ. 2023ರ ಅಕ್ಟೋಬರಿನಿಂದ ಕುಂದಲಹಳ್ಳಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ರೈಲು ಬದಲಿಸದೆ ಇಂದಿರಾನಗರದಲ್ಲಿ ಇಳಿಯಬಹುದು. ಹೋಗುವ ಮುನ್ನ ಒಂದು ವರ್ಷ ಅಲ್ಲಿಗೆ ಹೋಗಿಬರಲಿ. ಅಂಕಪಟ್ಟಿಗಳನ್ನು ಎ.ಪಿ.ಎಸ್. ಎಂಬ ಜರ್ಮನ್ ಕಚೇರಿಯಿಂದ ಪರಿಶೀಲನೆ ಮಾಡಿಸಿಕೊಳ್ಳುವುದು 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ಅದಕ್ಕೂ ಸಮಯ ಬಿಟ್ಟುಕೊಳ್ಳಬೇಕು.

ಜಾಮೀನಿಗೆ ಸಹಿ ಹಾಕುವ ಮುನ್ನ ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಮೂರು ಸಾಲುಗಳನ್ನು ಹುಡುಕಿ ಓದಿಸಿಕೊಳ್ಳಿ: ಕಂತು ಶುರುವಾಗುವ ದಿನ, ಬಿಡುವಿನ ಕಾಲದ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೋ ಇಲ್ಲವೋ, ಆಧಾರವಾಗಿ ಯಾವ ಸರ್ವೆ ನಂಬರು ಬರೆದಿದ್ದಾರೆ. ಪತ್ರ ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಕಚೇರಿಗೆ ತನ್ನಿ, ಕೂತು ಓದಿ ಹೇಳುತ್ತೇವೆ.