ಕಾವಲುಗಾರನಿಗೆ ಸಂಬಳ ಕೊಡುವವರು ಯಾರು?

ವಿರೂಪಾಕ್ಷ ದೇವಾಲಯದ ಗೋಪುರದಿಂದ ಎದುರು ಬಸವಣ್ಣನವರೆಗೆ ಚಾಚಿಕೊಂಡಿರುವ ಹಂಪಿಯ ಬಜಾರನ್ನು ಕಂಡವರಿಗೆ, ಇಲ್ಲಿ ಒಂದು ಕಾಲಕ್ಕೆ ಎಂತಹ ವ್ಯಾಪಾರ ನಡೆದಿದ್ದೀತು ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ದೊರೆಯುವ ಉತ್ತರಗಳಲ್ಲಿ ಒಂದು ಪಾಲು ಪರದೇಶಿಗಳ ಬರಹಗಳಿಂದ ಬಂದುದು. ೧೫೩೫ರ ಸುಮಾರಿನಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ ನೂನಿಜ್, ಅರಸನು ಪ್ರತಿವರ್ಷವೂ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಈ ನೂನಿಜನು ಕುದುರೆಯ ವ್ಯಾಪಾರಿ! ಅಂದಮಾತ್ರಕ್ಕೆ ಆತನ ಬರಹವನ್ನು ಚರಿತ್ರಕಾರರು ಬಿಸುಟಿಲ್ಲ, ಬಿಸುಡಲೂ ಬಾರದು. ಆ ಅಂಕಿಯ ಹಿಂದೆ ಕಣ್ಣಾರೆ ಕಂಡವನ ಅರಿವಿದೆ. ಸರಕು ಮಾರುವವನ ಆಸೆಯೂ ಇದ್ದೀತು. ಹೇಳುವವನು ಯಾರು, ಆತನ ಹೊಟ್ಟೆ ತುಂಬುವುದು ಎಲ್ಲಿಂದ ಎಂಬುದನ್ನು ತಿಳಿದು, ಅನಂತರ ಮಾತನ್ನು ತೂಗಬೇಕು. ಇತಿಹಾಸವನ್ನು ಓದುವವರ ಮೊದಲ ಪಾಠವಿದು.

ಇದೇ ತಕ್ಕಡಿಯಲ್ಲಿ ನಮ್ಮ ಕಾಲದ ಒಂದು ಹೊಸ ಉದ್ಯೋಗವನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ. ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಜನರಿಗೆ ಸುದ್ದಿಯನ್ನು ಕೊಡುತ್ತವೆ. ಆ ಸುದ್ದಿಯಲ್ಲಿ ನಿಜವೆಷ್ಟು, ಸುಳ್ಳೆಷ್ಟು, ಒಲವೆಷ್ಟು ಎಂದು ಕಾದು ನೋಡಿ ಕೂಗಿ ಹೇಳುವವರೇ ಸುದ್ದಿಯ ಕಾವಲುಗಾರರು. ಸಂತೆಯಲ್ಲಿ ತೂಕದ ಕಲ್ಲುಗಳನ್ನು ಪರೀಕ್ಷಿಸುವ ಅಧಿಕಾರಿಯಂತೆ ಇವರು. ಆದರೆ ಆ ಅಧಿಕಾರಿಗೇ ಒಬ್ಬ ವರ್ತಕನು ಸಂಬಳ ಕೊಡುತ್ತಿದ್ದರೆ?

ಕಾವಲಿನ ಅಗತ್ಯ

ಕಾವಲು ಬೇಕೇ ಬೇಕು ಎಂಬುದರಲ್ಲಿ ಸಂಶಯವಿಲ್ಲ. ೨೦೧೮ರ ಮೇ ತಿಂಗಳಿನಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಸುದ್ದಿಯನ್ನು ನಂಬಿದ ಜನರು, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ಯುವಕನೊಬ್ಬನನ್ನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಡೆದು ಕೊಂದರು. ಅದೇ ವರ್ಷದ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನ ತರುಣ ಎಂಜಿನಿಯರೊಬ್ಬನು ಅದೇ ವದಂತಿಗೆ ಬಲಿಯಾದನು. ಅಂಗೈಯೊಳಗಿನ ವಾಟ್ಸ್‌ಆ್ಯಪ್ ಸಂದೇಶವು ಮನುಷ್ಯನ ಪ್ರಾಣವನ್ನು ತೆಗೆಯಬಲ್ಲದಾದರೆ, ಅದನ್ನು ಪರೀಕ್ಷಿಸಿ ‘ಇದು ಸುಳ್ಳು’ ಎಂದು ಹೇಳುವವನು ಮಹದುಪಕಾರಿಯೇ ಸರಿ.

ಆದರೆ ಉಪಕಾರಕ್ಕೂ ಖರ್ಚಿದೆ. ಬಾಡಿಗೆ, ಸಂಬಳ, ಯಂತ್ರ ಎಲ್ಲವೂ ಬೇಕು. ಕನ್ನಡದ ಮೊದಲ ಪತ್ರಿಕೆಯೆಂದು ನಾವು ಗೌರವಿಸುವ ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದುದು ಬಾಸೆಲ್ ಮಿಷನ್ನಿನ ಆಸರೆಯಲ್ಲಿ. ಮರುವರ್ಷವೇ ಅದು ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆದು, ಅಚ್ಚುಮೊಳೆಯ ಸೌಕರ್ಯವಿದ್ದ ನಮ್ಮ ಬಳ್ಳಾರಿಗೆ ಬಂದಿತು. ಮಿಷನ್ನಿನ ಪತ್ರಿಕೆಯೆಂಬುದು ಓದುಗರಿಗೆ ತಿಳಿದಿತ್ತು, ತಿಳಿದೇ ಓದಿದರು. ಹಣದ ಮೂಲವು ಬಯಲಿನಲ್ಲಿದ್ದರೆ ಅರ್ಧ ಅಪಾಯವು ಕಳೆಯಿತು. ಅದು ಮುಚ್ಚಿಹೋದಾಗಲೇ ತೊಡಕು.

ಪಕ್ಷ ಹಿಡಿದ ಕಾವಲುಗಾರರು

ಸುದ್ದಿಯ ಕಾವಲುಗಾರರು ಪಕ್ಷಗಳಾಗಿ ಒಡೆದುಕೊಂಡುದನ್ನು ಮೊದಲು ಚೆನ್ನಾಗಿ ಕಂಡ ದೇಶ ಅಮೆರಿಕ. ಪತ್ರಿಕೆಗಳು ಎಡಕ್ಕೆ ವಾಲಿವೆಯೆಂದು ದೂರಿ ೧೯೬೯ರಲ್ಲಿ ರೀಡ್ ಇರ್ವಿನ್ ಎಂಬಾತನು ‘ಆಕ್ಯುರಸಿ ಇನ್ ಮೀಡಿಯ’ ಎಂಬ ಸಂಸ್ಥೆಯನ್ನು ಹೂಡಿದನು. ೧೯೮೬ರಲ್ಲಿ ಎದುರು ದಿಕ್ಕಿನಿಂದ ‘ಫೇರ್’ ಎಂಬ ಸಂಸ್ಥೆ ಹುಟ್ಟಿತು. ೧೯೮೭ರಲ್ಲಿ ಬಲಪಂಥೀಯರ ‘ಮೀಡಿಯ ರಿಸರ್ಚ್ ಸೆಂಟರ್’ ಬಂದಿತು. ಸಂಪ್ರದಾಯವಾದಿ ಧನಿಕರ ದತ್ತಿಗಳು ಅದನ್ನು ಸಾಕಿದವು. ೨೦೦೪ರಲ್ಲಿ ಡೇವಿಡ್ ಬ್ರಾಕ್ ‘ಮೀಡಿಯ ಮ್ಯಾಟರ್ಸ್’ ಸಂಸ್ಥೆಯನ್ನು ಸ್ಥಾಪಿಸಿದನು. ೨೦೧೦ರಲ್ಲಿ ಧನಿಕ ಜಾರ್ಜ್ ಸೊರೋಸ್ ಅದಕ್ಕೆ ೧೦ ಲಕ್ಷ ಡಾಲರುಗಳನ್ನು ಕೊಟ್ಟನು. ಒಬ್ಬೊಬ್ಬ ಕಾವಲುಗಾರನೂ ಎದುರುಮನೆಯ ಕಳ್ಳನನ್ನೇ ಹಿಡಿಯತೊಡಗಿದನು.

ಇದೇ ಕಥೆ ಭಾರತದಲ್ಲಿ ಹೇಗೆ ನಡೆಯಿತೆಂಬುದಕ್ಕೆ ‘ಓಪ್‌ಇಂಡಿಯಾ’ ಎಂಬ ಜಾಲತಾಣ ಒಳ್ಳೆಯ ನಿದರ್ಶನ. ಇದರ ಒಂದು ಎಳೆ ನಮ್ಮ ರಾಜಧಾನಿಗೂ ಬಂದು ಮುಟ್ಟುತ್ತದೆ. ೨೦೧೪ರ ಡಿಸೆಂಬರಿನಲ್ಲಿ ರಾಹುಲ್ ರಾಜ್ ಮತ್ತು ಕುಮಾರ್ ಕಮಲ್ ಎಂಬಿಬ್ಬರು ಇದನ್ನು ಆರಂಭಿಸಿದರು. ದೊಡ್ಡ ಪತ್ರಿಕೆಗಳ ಒಲವನ್ನು ಬಯಲಿಗೆಳೆಯುವುದೇ ತಮ್ಮ ಕೆಲಸವೆಂದರು. ೨೦೧೬ರಲ್ಲಿ ‘ಕೋವೈ ಮೀಡಿಯ’ ಎಂಬ ಕಂಪನಿ ಇದನ್ನು ಕೊಂಡಿತು. ‘ಸ್ವರಾಜ್ಯ’ ಪತ್ರಿಕೆಯ ಒಡೆತನವೂ ಈ ಕಂಪನಿಯದೇ. ೧೯೫೬ರಲ್ಲಿ ರಾಜಾಜಿಯವರ ಆಶ್ರಯದಲ್ಲಿ ಖಾಸಾ ಸುಬ್ಬರಾಯರು ಆರಂಭಿಸಿ, ಮುಂದೆ ನಿಂತುಹೋಗಿದ್ದ ಪತ್ರಿಕೆಯ ಪುನರವತಾರವದು. ಕೋವೈ ಮೀಡಿಯದಲ್ಲಿ ಹಣ ತೊಡಗಿಸಿದವರಲ್ಲಿ ಇನ್ಫೋಸಿಸ್ಸಿನಿಂದ ಹೆಸರಾದ ಟಿ. ವಿ. ಮೋಹನದಾಸ್ ಪೈ ಮತ್ತು ಎನ್. ಆರ್. ನಾರಾಯಣಮೂರ್ತಿಯವರೂ ಇದ್ದರು, ಇವರ ಪಾಲು ಸಣ್ಣದು.

೨೦೧೮ರಲ್ಲಿ ಓಪ್‌ಇಂಡಿಯಾ ಕೋವೈಯಿಂದ ಬೇರೆಯಾಗಿ ‘ಆಧ್ಯಾಸಿ ಮೀಡಿಯ’ ಎಂಬ ಕಂಪನಿಯ ಕೈಸೇರಿತು. ೨೦೧೯ರಲ್ಲಿ ಆ ಕಂಪನಿಯ ಶೇಕಡಾ ೨೬ರಷ್ಟು ಷೇರುಗಳು ‘ಕೌಟ್ ಕಾನ್ಸೆಪ್ಟ್ಸ್’ ಎಂಬ ಮತ್ತೊಂದು ಕಂಪನಿಯವಾದವು. ಹೀಗೆ ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ! ಬಾಗಿಲಲ್ಲಿ ಕಾಣುವ ಹೆಸರೊಂದು, ಬೀಗದ ಕೈ ಇರುವ ಹೆಸರು ಮತ್ತೊಂದು. ಷೇರುದಾರರ ಪಟ್ಟಿಯನ್ನು ಹುಡುಕಿ ಓದುವಷ್ಟು ಬಿಡುವು ಸಾಮಾನ್ಯ ಓದುಗನಿಗೆ ಎಲ್ಲಿಯದು?

ರಾಜಕೀಯ ನಂಟಿನ ಮಾತಿಗೆ ಬರೋಣ. ತಾನು ತಟಸ್ಥನಲ್ಲವೆಂದು ಓಪ್‌ಇಂಡಿಯಾ ತಾನೇ ಹೇಳಿಕೊಂಡಿದೆ. ಆ ಮಟ್ಟಿಗೆ ಅದು ಪ್ರಾಮಾಣಿಕವಾದ ನಡೆ. ಆದರೆ ಸ್ಥಾಪಕರಲ್ಲಿ ಒಬ್ಬರಾದ ರಾಹುಲ್ ರಾಜರೇ ಅದನ್ನು ತೊರೆದು, ಅದು ಭಾರತೀಯ ಜನತಾ ಪಕ್ಷದ ಕುರುಡು ವಕ್ತಾರನಾಯಿತೆಂದು ಮುಂದೆ ಟೀಕಿಸಿದರು. ಫೇಸ್‌ಬುಕ್ಕಿನಲ್ಲಿ ಜಾಹೀರಾತಿನ ಹಣ ಗಳಿಸಲು ಓಪ್‌ಇಂಡಿಯಾಕ್ಕೆ ಅವಕಾಶವಿರಬೇಕೆಂದು ೨೦೧೯ರಲ್ಲಿ ಆ ಪಕ್ಷವು ಫೇಸ್‌ಬುಕ್ ಕಂಪನಿಯನ್ನು ಕೋರಿದ್ದ ಸಂಗತಿಯನ್ನು ಮರುವರ್ಷ ಪತ್ರಿಕೆಗಳು ವರದಿಮಾಡಿದವು. ಸುಳ್ಳುಸುದ್ದಿಯನ್ನು ಪರೀಕ್ಷಿಸುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಮಂಡಲಿಯೊಂದಿದೆ. ೨೦೧೫ರಲ್ಲಿ ಅಮೆರಿಕದ ಪಾಯಿಂಟರ್ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದುದು. ೨೦೧೯ರಲ್ಲಿ ಓಪ್‌ಇಂಡಿಯಾ ಸಲ್ಲಿಸಿದ ಅರ್ಜಿಯನ್ನು ಅದು ತಿರಸ್ಕರಿಸಿತು. ಪಕ್ಷಪಾತವನ್ನೂ ಪಾರದರ್ಶಕತೆಯ ಕೊರತೆಯನ್ನೂ ಕಾರಣವಾಗಿ ಹೇಳಿತು.

ಇನ್ನೊಂದು ಕಡೆಯ ತಕ್ಕಡಿ

ಒಂದು ತಟ್ಟೆಯನ್ನಷ್ಟೇ ತೂಗಿದರೆ ನ್ಯಾಯವಾಗದು. ೨೦೧೭ರಲ್ಲಿ ಅಹಮದಾಬಾದಿನ ಪ್ರತೀಕ್ ಸಿನ್ಹಾ ಮತ್ತು ಬೆಂಗಳೂರಿನ ಮಹಮ್ಮದ್ ಜುಬೇರ್ ಆರಂಭಿಸಿದ ‘ಆಲ್ಟ್ ನ್ಯೂಸ್’ ಸಹ ಇಂಥದೇ ಕಾವಲುಗಾರ. ಲಾಭದ ಉದ್ದೇಶವಿಲ್ಲದ ‘ಪ್ರಾವ್ದಾ ಮೀಡಿಯ ಫೌಂಡೇಷನ್’ ಅದನ್ನು ನಡೆಸುತ್ತದೆ. ಓದುಗರ ದೇಣಿಗೆ ಅದರ ಆಧಾರ. ಬಲಪಂಥದವರ ತಪ್ಪುಗಳ ಮೇಲೆಯೇ ಅದರ ಕಣ್ಣೆಂದು ವಿರೋಧಿಗಳು ಆಕ್ಷೇಪಿಸುತ್ತಾರೆ. ೨೦೨೨ರ ಜೂನಿನಲ್ಲಿ ದೆಹಲಿಯ ಪೊಲೀಸರು ಜುಬೇರರನ್ನು ಬಂಧಿಸಿದರು. ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾಮೀನು ಕೊಟ್ಟಿತು. ಆ ನಡುವೆ ವಿದೇಶಿ ಹಣದ ಆರೋಪ ಬಂದಿತು. ಭಾರತದ ಬ್ಯಾಂಕುಗಳಿಂದಲ್ಲದೆ ಹಣ ಪಡೆದಿಲ್ಲವೆಂದು ಸಂಸ್ಥೆ ಅದನ್ನು ಅಲ್ಲಗಳೆಯಿತು. ದೇಣಿಗೆಯನ್ನು ಸಂಗ್ರಹಿಸಿಕೊಡುತ್ತಿದ್ದ ಬೆಂಗಳೂರಿನ ‘ರೇಜರ್‌ಪೇ’ ಕಂಪನಿಯು, ಕಾನೂನಿನ ನೋಟೀಸು ಬಂದಿತೆಂದು ಕೆಲವು ವಿವರಗಳನ್ನು ಪೊಲೀಸರಿಗೆ ಒಪ್ಪಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾವಲುಗಾರನ ಹಣದ ಮೂಲ ಗೊತ್ತಿರಬೇಕು ಎನ್ನುತ್ತೇವೆ. ಆದರೆ ನೂರು ರೂಪಾಯಿ ಕೊಟ್ಟ ಗೃಹಸ್ಥನ ಹೆಸರು ಪೊಲೀಸ್ ಠಾಣೆಯ ಕಡತಕ್ಕೆ ಹೋಗುವುದಾದರೆ, ನಾಳೆ ಕೊಡುವ ಧೈರ್ಯ ಯಾರಿಗಿದ್ದೀತು? ಇವೆರಡನ್ನೂ ಬೇರ್ಪಡಿಸಿ ನೋಡಬೇಕು. ನೂರು ರೂಪಾಯಿ ಕೊಟ್ಟವನು ಕಾವಲುಗಾರನನ್ನು ಕೊಂಡುಕೊಳ್ಳಲಾರ. ಹತ್ತರಲ್ಲಿ ಒಂಬತ್ತು ಪಾಲು ಕೊಟ್ಟವನು ಕೊಳ್ಳಬಲ್ಲ. ದೊಡ್ಡ ಕೈಗಳ ಹೆಸರು ಬಯಲಾಗಬೇಕು. ಸಣ್ಣ ಕೈಗಳಿಗೆ ಮರೆಯಿರಬೇಕು.

ಕನ್ನಡದಲ್ಲಿ ಈ ಜಗಳ ಇನ್ನೂ ಕಹಿಯಾದುದು. ಮಹೇಶ ವಿಕ್ರಮ ಹೆಗಡೆಯವರ ‘ಪೋಸ್ಟ್‌ಕಾರ್ಡ್’ ಜಾಲತಾಣವು ಮಾಧ್ಯಮಗಳು ಮುಚ್ಚಿಟ್ಟ ಸತ್ಯವನ್ನು ಹೇಳುವ ಧಾಟಿಯಲ್ಲಿಯೇ ಬೆಳೆಯಿತು. ೨೦೧೮ರ ಮಾರ್ಚಿಯಲ್ಲಿ, ಅಪಘಾತದಲ್ಲಿ ಗಾಯಗೊಂಡ ಜೈನ ಮುನಿಯೊಬ್ಬರ ಮೇಲೆ ಅನ್ಯಮತದವರು ಹಲ್ಲೆ ಮಾಡಿದರೆಂಬ ಸುದ್ದಿಯನ್ನು ಹರಡಿದ ಆರೋಪದ ಮೇಲೆ ಪೊಲೀಸರು ಅವರನ್ನು ಬಂಧಿಸಿದರು; ಭಾರತೀಯ ಜನತಾ ಪಕ್ಷದ ನಾಯಕರು ಕೆಲವರು ಅವರ ಪರವಾಗಿ ನಿಂತರು. ೨೦೧೭ರ ಸೆಪ್ಟೆಂಬರ್ ೫ರಂದು ಹತ್ಯೆಗೀಡಾದ ಗೌರಿ ಲಂಕೇಶರು ಬರೆದ ಕೊನೆಯ ಸಂಪಾದಕೀಯವು ಸುಳ್ಳುಸುದ್ದಿಗಳನ್ನೇ ಕುರಿತದ್ದು. ಅದರಲ್ಲಿ ಪೋಸ್ಟ್‌ಕಾರ್ಡಿನ ಪ್ರಸ್ತಾಪವಿತ್ತು. ಗೌರಿಯವರ ನಿಲುವೂ ಒಂದು ಪಂಥದ್ದೇ, ಅದನ್ನು ಅವರು ಮುಚ್ಚಿಟ್ಟವರಲ್ಲ. ಅವರ ತಂದೆ ಪಿ. ಲಂಕೇಶರು ೧೯೮೦ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತುಗಳನ್ನೇ ಮುಟ್ಟದೆ ಓದುಗರ ಕಾಸಿನಿಂದ ಬದುಕಿದುದನ್ನು ಇಲ್ಲಿ ನೆನೆಯಬೇಕು.

ಸರ್ಕಾರವೇ ಕಾವಲುಗಾರನಾದರೆ?

ಖಾಸಗಿ ಕಾವಲುಗಾರರು ಪಕ್ಷ ಹಿಡಿಯುವುದಾದರೆ ಸರ್ಕಾರವೇ ಆ ಕೆಲಸವನ್ನು ಮಾಡಲಿ ಎನ್ನುವವರುಂಟು. ಕೇಂದ್ರ ಸರ್ಕಾರವು ೨೦೨೩ರಲ್ಲಿ ನಿಯಮಗಳನ್ನು ತಿದ್ದಿ, ತನ್ನ ವ್ಯವಹಾರವನ್ನು ಕುರಿತ ಸುದ್ದಿಯಲ್ಲಿ ಸುಳ್ಳಾವುದೆಂದು ಗುರುತಿಸುವ ಘಟಕಕ್ಕೆ ಅಧಿಕಾರ ಕೊಡಹೊರಟಿತು. ೨೦೨೪ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯೊಡ್ಡಿತು. ಸೆಪ್ಟೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ದೆಹಲಿಯ ಪಕ್ಷವನ್ನು ವಿರೋಧಿಸುವ ಪಕ್ಷವು ಬೆಂಗಳೂರಿನಲ್ಲಿ ಅಧಿಕಾರಕ್ಕೆ ಬಂದು ಮಾಡಿದುದೇನು? ಅದೂ ೨೦೨೩ರ ಆಗಸ್ಟಿನಲ್ಲಿ ತನ್ನದೇ ಸತ್ಯಶೋಧನಾ ಘಟಕವನ್ನು ಸಾರಿತು. ಸಂಪಾದಕರ ಸಂಘವು ಆತಂಕ ಸೂಚಿಸಿತು. ೨೦೨೫ರ ಜೂನಿನಲ್ಲಿ ಬೆಳಕಿಗೆ ಬಂದ ಕರಡು ಮಸೂದೆಯಲ್ಲಿ ಸುಳ್ಳುಸುದ್ದಿಗೆ ೭ ವರ್ಷಗಳವರೆಗೆ ಸೆರೆವಾಸ, ೧೦ ಲಕ್ಷ ರೂಪಾಯಿಗಳವರೆಗೆ ದಂಡ; ಅದನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಮಂತ್ರಿಯೇ ಮುಖ್ಯಸ್ಥ! ಬೇಲಿಯೇ ಎದ್ದು ಹೊಲವನ್ನು ಮೇಯುವ ಭಯ ಎರಡು ರಾಜಧಾನಿಗಳಲ್ಲಿಯೂ ಒಂದೇ.

ಹಾಗಾದರೆ ಮನೆಯಲ್ಲಿ ಕುಳಿತು ಓದುವ ನಾವು ಏನು ಮಾಡಬೇಕು? ಪಕ್ಷವುಳ್ಳವನು ಹೇಳಿದ್ದೆಲ್ಲ ಸುಳ್ಳೆಂದು ತಳ್ಳುವುದು ಸರಿಯಲ್ಲ. ವೈರಿಯ ತಪ್ಪನ್ನು ವೈರಿಯಷ್ಟು ಚೆನ್ನಾಗಿ ಹುಡುಕುವವರಿಲ್ಲ. ಪಕ್ಷಪಾತಿ ಕಾವಲುಗಾರನ ದೋಷವು ಅವನ ಕೂಗಿಗಿಂತ ಅವನ ಮೌನದಲ್ಲಿ ಅಡಗಿರುತ್ತದೆ. ಆದುದರಿಂದ ಮೂರು ಪ್ರಶ್ನೆಗಳನ್ನು ಮನೆಯ ಮಕ್ಕಳಿಗೂ ಕಲಿಸೋಣ. ಇವನಿಗೆ ಹಣ ಕೊಡುವವರ ಹೆಸರನ್ನು ಇವನೇ ಹೇಳುತ್ತಾನೆಯೆ? ತಪ್ಪಿದಾಗ ತಿದ್ದುಪಡಿಯನ್ನು ತಪ್ಪಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾನೆಯೆ? ಎಲ್ಲಕ್ಕಿಂತ ಮುಖ್ಯವಾಗಿ, ತನಗೆ ಅನ್ನ ಹಾಕುವ ಮನೆಯಲ್ಲಿ ಕಳ್ಳತನವಾದಾಗಲೂ ಇವನು ಒಮ್ಮೆಯಾದರೂ ಕೂಗಿದ್ದುಂಟೆ?

ಮೂರಕ್ಕೂ ಹೌದೆಂಬ ಉತ್ತರ ಬಂದಲ್ಲಿ ನೆಚ್ಚಬಹುದು. ಬಾರದಿದ್ದಲ್ಲಿ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಬೆರಳನ್ನು ಒಂದು ಗಳಿಗೆ ತಡೆಯೋಣ. ಚಾಮರಾಜಪೇಟೆಯಲ್ಲಿಯೂ ಮುರ್ಕಿಯಲ್ಲಿಯೂ ಅಂದು ಬೇಕಾಗಿದ್ದುದು ಅಷ್ಟೇ ತಡೆ.